ಬೋರಿಗೆ ಬಿದ್ದ ವಿಭೂತಿ

"ಕೈ ತೆಗೀರಿ ಕಾಕಾ! ತೆಗೀರಿ ಅಂದ್ರ!"

ಅಂಗಳದಲ್ಲಿ ಕೂಡಿಸಿದ್ದ ಅಪ್ಪನ ಹೆಣದ ಪಕ್ಕದಿಂದ ಎದ್ದು ಬಸವೇಶ್ವರಿ ಶೆಡ್ಡಿಗೆ ಓಡಿ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಚಿಕ್ಕಪ್ಪ ಶಂಕರಲಿಂಗ ಇಂಜಿನ್ನಿಗೆ ಹೊದಿಸಿದ್ದ ಸೀರೆ ಸರಿಸಿ, ಪಿಸ್ಟನ್ ಏರಿಳಿಯುವ, ಬಾಯಿ ತೆರೆದಿದ್ದ ಮೂರೂ ಬೋರುಗಳ ಮೇಲೆ ವಿಭೂತಿ ಉದುರಿಸಿಬಿಟ್ಟಿದ್ದ.

"ಅಣ್ಣಗ ಹಚ್ಚೀವಿ, ಇದಕ್ಕೂ ಹಚ್ಚಬ್ಯಾಡೇನು? ಇದು ಅವನ ಜೀವ ಅಲ್ಲೇನವಾ?"

"ಇಪ್ಪತ್ತು ವರ್ಷ ಗುಜರಿ ಅಂದ್ರಿ. ಇವತ್ತು ಜೀವ ಆತೇನು?"

ಈ ಇಂಜಿನ್ ಹಾಕಿದ ಕಾರನ್ನು ರೇಸಿನಲ್ಲಿ ಓಡಿಸುವ ಅಬ್ರಾರ ಬಗ್ಗಿ ನೋಡಿ ತಲೆಯ ಮೇಲೆ ಕೈ ಹೊತ್ತ. ಬೂದಿ ಪಿಸ್ಟನ್ನಿನ ಸಂದಿಗೆ ಇಳಿದರೆ ಉಸುಕಿನ ಕಾಗದದಿಂದ ಉಜ್ಜಿದ ಹಾಗೆ ಬೋರು ಸವೆದುಹೋಗುತ್ತದೆ. ಚಿಂಚೋಳಿ ಕಡೆಯ ಮಣ್ಣಿನ ಟ್ರ್ಯಾಕಿನಲ್ಲಿ ಇನ್ನು ಎಂಟೇ ದಿನಕ್ಕೆ ರೇಸು.

"ಈ ವರ್ಷ ಬಿಟ್ಟುಬಿಡು ತಂಗಿ," ಎಂದ ಅಬ್ರಾರ.

"ಬಿಡಂಗಿಲ್ಲ."

*

ಬಸವೇಶ್ವರಿಯ ಅಪ್ಪ ಚಂದ್ರಾಮಪ್ಪ ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್. ವಾಡಿಯ ಗುಜರಿಯಲ್ಲಿ ಸಿಕ್ಕ ಹಳೆಯ ಮಾರುತಿ ಇಂಜಿನ್ನನ್ನು ರೇಸಿಗೆ ಹದ ಮಾಡುವುದೇ ಅವನ ಹುಚ್ಚು. ಹುಚ್ಚು ಅಂದವರಿಗೇನು ಗೊತ್ತು, ಮಣ್ಣು! ಪಿಸ್ಟನ್ನುಗಳನ್ನು ಹಿಡಿಯುವ ಕನೆಕ್ಟಿಂಗ್ ರಾಡುಗಳನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ, ಭಾರವಾದದ್ದನ್ನು ಅರದಿಂದ ಉಜ್ಜಿ ಉಜ್ಜಿ ಮೂರನ್ನೂ ಸಮ ಮಾಡುತ್ತಿದ್ದ. ಹೊಸದು ತರುವ ತಾಕತ್ತು ಇರಲಿಲ್ಲ, ಕೈಗಳಿದ್ದವಲ್ಲ.

ಊರ ಗಾಳಿಯ ತುಂಬ ಕಲ್ಲಿನ ಪುಡಿ. ಅದಕ್ಕೇ ಪಿಸ್ಟನ್ ಕೂಡಿಸುವ ದಿನ ಶೆಡ್ಡಿನ ನೆಲಕ್ಕೆ ನೀರು ಹೊಡೆದು, ಸುತ್ತಲೂ ಹೆಂಡತಿಯ ಹಸಿ ಸೀರೆಗಳನ್ನು ಕಟ್ಟಿ, ಒಳಗೆ ಮಗಳೊಬ್ಬಳನ್ನೇ ಬಿಟ್ಟುಕೊಂಡು ಅವಳ ಕೈಗೆ ಬೋರು ಒರೆಸುವ ಬಟ್ಟೆ ಕೊಡುತ್ತಿದ್ದ.

"ಬಿಳಿ ಅರಬೀಲೆ ಒರಸವಾ. ಅರಬಿ ಬೆಳ್ಳಗೇ ಹೊರಗ ಬರೋತನ ಒರಸು."

ಏಳು ರೇಸಿಗೆ ಹೋಗಿದ್ದ ಇಂಜಿನ್ ಒಂದರಲ್ಲೂ ಕೊನೆಯ ಸುತ್ತು ಕಂಡಿರಲಿಲ್ಲ. "ಈ ಸಲ ಮುಟ್ಟತದ ನೋಡು" ಅಂದಿದ್ದ. ನಿನ್ನೆ ಬೆಳಿಗ್ಗೆ ಪಿಸ್ಟನ್ ಕೂಡಿಸಿದವನು ಬೋರುಗಳ ಬಾಯಿ ಮುಚ್ಚುವ ಹೆಡ್ಡು ಕೂಡಿಸುವ ಮೊದಲೇ ಎದೆ ಹಿಡಿದುಕೊಂಡು ಕುಸಿದ.

*

"ಸೂತಕದಾಗ ಕಬ್ಬಿಣ ಮುಟ್ಟಬಾರ್ದು," ಎಂದ ಶಂಕರಲಿಂಗ. "ಮೊದಲ ಮಣ್ಣು ಮಾಡೋಣು ನಡಿ."

"ಬಸವಣ್ಣನ ಮನ್ಯಾಗ ಸೂತಕ ಎಲ್ಲಿಂದ ತಂದ್ರಿ? ಬೂದಿ ಹಾಕೋ ಮುಂದ ಈ ಕೈ ಕಬ್ಬಿಣ ಮುಟ್ಟಲಿಲ್ಲೇನು?"

ಅಬ್ರಾರ ಕೆಳಗೆ ಕೂತು ಪಿಸ್ಟನ್ನುಗಳನ್ನು ಬಿಚ್ಚತೊಡಗಿದ. ಬಸವೇಶ್ವರಿ ಬೋರುಗಳಿಗೆ ಸೀಮೆಎಣ್ಣೆ ಸುರಿದಳು. ಒರೆಸಲು ಶೆಡ್ಡಿನಲ್ಲಿ ಇದ್ದದ್ದೆಲ್ಲ ಕರಿ ಚಿಂದಿ. ಸರಸರ ಅಂಗಳಕ್ಕೆ ಬಂದವಳೇ, ಹೆಣಕ್ಕೆ ಹೊದಿಸಲು ತಂದಿದ್ದ ಹೊಸ ಬಿಳಿ ಬಟ್ಟೆಯನ್ನು ಎತ್ತಿಕೊಂಡಳು.

"ಅಯ್ಯ ಶಿವನೇ! ಹೆಣದ ಅರಬಿ ಅದು!" ಹೆಂಗಸರು ಕೂಗಿದರು.

ಗಂಡನ ಪಕ್ಕದಲ್ಲಿ ಕೂತಿದ್ದ ಗುರುಲಿಂಗಮ್ಮ ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು. ತಾಯಿ ತಡೆಯುತ್ತಾಳೆಂದೇ ತಿಳಿದು ಬಸವೇಶ್ವರಿ ಹಲ್ಲು ಕಚ್ಚಿದಳು.

"ಹರಕೋ," ಎಂದಳು ಗುರುಲಿಂಗಮ್ಮ.

ಬಟ್ಟೆ ಪರ್ರನೆ ಹರಿಯಿತು. ಹೊತ್ತಾಯಿತೆಂದು ಗಂಡಸರು ಹೆಣ ಎತ್ತಿದರು. ಬಸವೇಶ್ವರಿ ಹರಿದ ತುಂಡು ಹಿಡಿದು ಶೆಡ್ಡಿಗೆ ಹೋಗಿ, ಅಲ್ಲೇ ಉಳಿದು ಅಳುತ್ತಾ ಬೈಯುತ್ತಾ ಒರೆಸಿದಳು.

*

ಮಣ್ಣು ಮಾಡಲು ತೋಡಿದ ಕುಣಿಯೊಳಗೆ ಅಣ್ಣನನ್ನು ಕೂಡಿಸಿ ಶಂಕರಲಿಂಗ ಹರಿದು ಉಳಿದ ಬಟ್ಟೆ ಹೊದಿಸಿದ. ಎಷ್ಟು ಎಳೆದರೂ ಅದು ಮೊಣಕಾಲು ಮುಟ್ಟಲಿಲ್ಲ. ಮೇಲಿದ್ದವರು ಸಲಿಕೆ ಎತ್ತಿದರು.

"ಮಗಳು ಬರೋತನ ಯಾರರೆ ಮಣ್ಣು ಮುಟ್ಟೀರಿ, ನೋಡ್ರಿ ಮತ್ತ!" ಗುರುಲಿಂಗಮ್ಮ ಕುಣಿಯ ಅಂಚಿಗೇ ಕೂತುಬಿಟ್ಟಳು. ಬಿಸಿಲಲ್ಲಿ ಜನ ಗೊಣಗಿದರು, ಕಾದರು.

ಕೊನೆಗೆ ಅಬ್ರಾರನ ಮೋಟರ್‌ಸೈಕಲ್ ಬಂತು. ಬಸವೇಶ್ವರಿಯ ಕೈಗಳು ಮೊಣಕೈವರೆಗೆ ಕಪ್ಪಾಗಿದ್ದವು. ಎರಡು ಬೆರಳ ತುದಿಯಲ್ಲಿ ಬಟ್ಟೆಯ ಕೊನೆಯ ತುಂಡು ಹಿಡಿದು, ಕುಣಿಯೊಳಗಿನ ಚಿಕ್ಕಪ್ಪನಿಗೆ ಚಾಚಿದಳು. ಅದು ಬೋರಿನೊಳಗೆ ಹೋಗಿ ಬಂದರೂ ಬೆಳ್ಳಗಿತ್ತು.

"ನೀವೇ ಹಾಸ್ರಿ ಕಾಕಾ. ಬೂದಿ ಹಾಕಿದ ಆ ಕೈಲೇ ಹಾಸ್ರಿ."

ಶಂಕರಲಿಂಗ ತಲೆ ಎತ್ತದೆ ತುಂಡನ್ನು ಇಸಿದುಕೊಂಡು ಅಣ್ಣನ ಬತ್ತಲೆ ಮೊಣಕಾಲಿನ ಮೇಲೆ ಹಾಸಿದ. ಸೀಮೆಎಣ್ಣೆಯ ವಾಸನೆ ಮೇಲಿನವರೆಗೂ ಬಂತು.

"ಈಗ ಹಾಕ್ರಿ ಮಣ್ಣು," ಎಂದಳು ಗುರುಲಿಂಗಮ್ಮ.