ನಿಕೊಲಾಸಾರ ಮೇಜಿನ ಕೆಳಗಿನ ಪೆಟ್ಟಿಗೆ

ಕಂಪ್ಯೂಟರಿಗೆ ತಂಪು ಬೇಕು ಅಂದರೆ ನಾಲ್ಕು ಸಾವಿರ ಮೀಟರ್ ಎತ್ತರದ ನಮ್ಮ ಎಲ್ ಆಲ್ತೊ ಊರಲ್ಲಿ ಜನ ನಗುತ್ತಾರೆ. ಇಲ್ಲಿ ಬಡಿಸಿದ ಸೂಪು ಚಮಚ ಹುಡುಕುವಷ್ಟರಲ್ಲಿ ಆರಿರುತ್ತದೆ. ಜೂನ್ ನಮಗೆ ನಡುಚಳಿಗಾಲ, ಒದ್ದೆ ಬಟ್ಟೆ ಹಗ್ಗದ ಮೇಲೇ ಹೆಪ್ಪುಗಟ್ಟಿ ಹಲಗೆಯಾಗುತ್ತದೆ. ನಾನೂ ನಗುತ್ತಿದ್ದವನೇ. ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಜೋಡಿಸಿ ಮಾರುವವನು ನಗಬಾರದಿತ್ತು, ಅದು ಬೇರೆ ಮಾತು.

ಅಂಥದೊಂದು ಜೂನಿನ ಸೋಮವಾರ, ಎಲ್ಲರೂ ಗೌರವದಿಂದ ದೋನ್ಯಾ ಅನ್ನುವ ನಿಕೊಲಾಸಾ ಕೋಲೂರಿಕೊಂಡು ನನ್ನ ಅಂಗಡಿಗೆ ಬಂದರು. ನನ್ನ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಹರಸಿದವರು, ಹಾಗಾಗಿ ನನಗೂ ನನ್ನ ಹೆಂಡತಿ ಯೊವಾನಾಗೂ ಅವರು ಮಾದ್ರಿನಾ, ಧರ್ಮದ ತಾಯಿ. ಊರಿಗೆಲ್ಲ ಅವರು ಬೆಳಗಿನ ಆರು ಗಂಟೆಯ ದನಿ. ಇಪ್ಪತ್ತಾರು ವರ್ಷದಿಂದ ರೇಡಿಯೋದಲ್ಲಿ ಐಮಾರಾ ಭಾಷೆಯ ಸುದ್ದಿ ಓದುತ್ತಾರೆ. ಕೊನೆಯ ಇಪ್ಪತ್ತು ನಿಮಿಷ ಕೇಳುಗರ ಪ್ರಕಟಣೆ: ಯಾರ ಹೇರು ಹೊರುವ ಲಾಮಾ ಕಳೆದಿದೆ, ಯಾರ ಗುರುತಿನ ಚೀಟಿ ಮಿನಿಬಸ್ಸಿನಲ್ಲಿ ಸಿಕ್ಕಿದೆ. ಸುದ್ದಿ ಕೇಳದವರೂ ಅದನ್ನು ಕೇಳುತ್ತಾರೆ.

"ಮಂಡಿ ಹೋಯ್ತು ಕಣೋ ಗ್ರೋವೆರ್. ಆ ರೇಡಿಯೋದವರ ಮೂರು ಮಹಡಿ ಇನ್ನು ಹತ್ತೋಕಾಗಲ್ಲ," ಅಂದರು. "ಹೊಸ ನಿರ್ದೇಶಕ ಮನೆಯಿಂದ್ಲೇ ಓದಿ ಅಂದ. ಆದ್ರೆ ಶುಕ್ರವಾರ ಪರೀಕ್ಷೆ, ಪೂರ್ತಿ ಒಂದು ಗಂಟೆ, ನೇರ ಪ್ರಸಾರ. ಅಲ್ಲಿ ಮೈಕಿನ ಮುಂದೆ ಯೂನಿವರ್ಸಿಟಿ ಹುಡುಗಿ ಒಬ್ಳನ್ನ ಕೂರಿಸಿರ್ತಾನಂತೆ. ನನ್ನ ಕಡೆಯಿಂದ ಗುಂಯ್ ಅಂದ್ರೂ, ನಡುವೆ ನಿಂತ್ರೂ, ಅಲ್ಲಿಂದ್ಲೇ ಅವಳು ಶುರು ಮಾಡೋದು. ಆಮೇಲೆ ದಿನಾ ಅವಳೇ."

"ನಿಮ್ಮ ಹಳೇ ಕಂಪ್ಯೂಟರ್ ಇದ್ಯಲ್ಲ?"

"ಅದಾ? ಏರು ಹತ್ತೋ ಮಿನಿಬಸ್ಸು. ಅದರ ಮುಂದೆ ನಾನೇ ಕಿರುಚಬೇಕು."

ಅವರದು ಒಂದೇ ಕೋಣೆ. ಉಣ್ಣುವ ಮೇಜೇ ಓದುವ ಮೇಜು. ಪೆಟ್ಟಿಗೆ ಚಿಕ್ಕದಾಗಿರಬೇಕು, ಕಾಲ ಬಳಿ ಕೂರಬೇಕು, ಉಸಿರು ಬಿಡಬಾರದು.

ಕಂಪ್ಯೂಟರಿನ ಶಾಖ ತಣಿಸುವ ಮೂರು ವಸ್ತುಗಳನ್ನು ನಾನು ಅಂಗಡಿಯ ಕಟ್ಟೆಯ ಮೇಲೆ ಇಟ್ಟೆ. ಮೊದಲನೆಯದು ಅಂಗೈಯಗಲದ ಮಾಮೂಲಿ ಫ್ಯಾನು. ಚಿಕ್ಕದು, ಅದಕ್ಕೇ ಜೋರಾಗಿ ತಿರುಗಬೇಕು, ತಿರುಗಿದರೆ ಸೊಳ್ಳೆಯ ರಾಗ. ಎರಡನೆಯದು ನೀರು ಹರಿಸಿ ತಣಿಸುವಂಥದು. ಮಾದ್ರಿನಾ ಅದರ ಕೊಳವೆಯನ್ನು ಕೋಲಿನಿಂದ ಆಚೆ ತಳ್ಳಿದರು. "ನಮ್ಮನೆ ನಲ್ಲಿ ನೀರೇ ಬೆಳಿಗ್ಗೆ ಕಲ್ಲಾಗಿರುತ್ತೆ. ಇದಕ್ಕೂ ಕಂಬಳಿ ಹೊದಿಸ್ಲಾ?" ಮೂರನೆಯದಕ್ಕೆ ಫ್ಯಾನೇ ಇಲ್ಲ, ಬಾಚಣಿಗೆಯ ಹಲ್ಲುಗಳ ಹಾಗೆ ತೆಳು ತಗಡುಗಳು, ಒಂದು ಕಿಲೋಗಿಂತ ಹೆಚ್ಚು ತೂಕ.

"ಇದ್ರಲ್ಲಿ ಸದ್ದು ಮಾಡೋ ಭಾಗನೇ ಇಲ್ಲ ಮಾದ್ರಿನಾ. ತಗಡು ಶಾಖ ಹೀರ್ಕೊಂಡು ಗಾಳಿಗೆ ಬಿಡುತ್ತೆ. ನಮ್ಮೂರ ಚಳಿಯೇ ಫ್ಯಾನು," ಅಂದೆ. ಹೇಳಿದ ಮಾತು ನನಗೇ ಬಹಳ ಹಿಡಿಸಿತು.

"ಒಂದು ಗಂಟೆ ಓಡ್ಸಿ ನೋಡ್ರೀ ಮೊದ್ಲು," ಅಂದಳು ಯೊವಾನಾ.

"ನಂಗೆ ಹೇಳ್ಕೊಡ್ತೀಯಾ?" ಅಂದೆ. ಇಪ್ಪತ್ತು ನಿಮಿಷ ಓಡಿಸಿದೆ, ಅದೂ ಗಾಳಿ ಬೀಸುವ ಅಂಗಡಿಯ ಬಾಗಿಲಲ್ಲಿ. ಸಾಕು ಅನ್ನಿಸಿತು.

ಬುಧವಾರ ಪೆಟ್ಟಿಗೆಯನ್ನು ಅವರ ಮೇಜಿನ ಕೆಳಗೆ ಇಟ್ಟು ಬಂದೆ. ಎರಡು ದಪ್ಪ ಬ್ರೆಡ್ಡುಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟೋ ಅಷ್ಟೇ ಗಾತ್ರ. ಗುರುವಾರ ಮಧ್ಯಾಹ್ನ ತಾಲೀಮು. ನಾನು ಮಂಚದ ಮೇಲೆ ಕೂತೆ, ಮಾದ್ರಿನಾ ಹಳೆಯ ಪ್ರಕಟಣೆಗಳನ್ನು ಓದತೊಡಗಿದರು. ಕೋಣೆಯಲ್ಲಿ ಅವರ ದನಿ ಬಿಟ್ಟರೆ ಏನೂ ಇಲ್ಲ. ನನ್ನ ಎದೆ ಉಬ್ಬಿತು. ನಲವತ್ತನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು.

ಅವರು ಗಮನಿಸದೆ ಕಳೆದ ಕತ್ತೆಯೊಂದರ ಬಣ್ಣ ಹೇಳುತ್ತಲೇ ಇದ್ದರು. ನಾನು ಬಗ್ಗಿ ನೋಡಿದೆ. ಮೊಣಕಾಲಿಂದ ನೆಲದವರೆಗೆ ಉಣ್ಣೆ ಕಂಬಳಿ ಇಳಿಬಿಟ್ಟಿದ್ದರು. ಅದರೊಳಗೆ, ಎರಡೂ ಪಾದಗಳ ನಡುವೆ, ನನ್ನ ಪೆಟ್ಟಿಗೆ ಮಿತಿಮೀರಿ ಕಾದು ತಾನಾಗಿಯೇ ನಿಂತಿತ್ತು.

"ಏನ್ ಮಾಡಿದ್ದೀರಾ ಮಾದ್ರಿನಾ! ಕೋಳಿ ಮೊಟ್ಟೆಗೆ ಕಾವು ಕೊಟ್ಟಂಗೆ ಕೂತಿದ್ದೀರಲ್ಲ!"

"ಬೆಚ್ಚಗಿತ್ತು ಕಣೋ, ನಿನ್ನೆ ಸಂಜೆನೂ ಸ್ವಲ್ಪ ಹೊತ್ತು ಹೀಗೇ ಕೂತಿದ್ದೆ," ಅಂದರು. "ಎರಡು ವರ್ಷದಲ್ಲಿ ನಿನ್ನೆ ರಾತ್ರಿನೇ ಮಂಡಿ ನೋವಿಲ್ದೆ ಮಲಗಿದ್ದು. ನೀನು ಅದಕ್ಕೇ ಮಾಡ್ಕೊಟ್ಟೆ ಅಂದ್ಕೊಂಡೆ."

ನಾನು ಇನ್ನೂ ಎರಡು ಮಾತು ಬಿರುಸಾಗಿಯೇ ಆಡಿದೆ. ಕಂಬಳಿ ಕಿತ್ತು ಮಂಚದ ಮೇಲೆ ಎಸೆದೆ. ಪೆಟ್ಟಿಗೆ ಆರಿದ ಮೇಲೆ ಮತ್ತೆ ಓದಿಸಿದೆ. ಅವರು ನಡುಗುವ ಕಾಲುಗಳನ್ನು ಒಂದಕ್ಕೊಂದು ಒತ್ತಿಕೊಂಡು ಓದಿದರು. ಐವತ್ತೆರಡನೆಯ ನಿಮಿಷಕ್ಕೆ ಪರದೆ ಮತ್ತೆ ಕಪ್ಪಾಯಿತು.

ಮಾದ್ರಿನಾ ನನ್ನನ್ನೇ ನೋಡಿದರು. "ಈಗ ಯಾವ ಕಂಬಳಿ ಎಸೀತೀಯಾ? ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ನನಗೆ ನಾಚಿಕೆಯಾಯಿತು. ಇಲ್ಲಿ ಗಾಳಿ ತೆಳು ಅನ್ನುವುದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ತಗ್ಗಿನ ಊರಿನವರು ಎರಡು ಮೆಟ್ಟಿಲಿಗೇ ಏದುಸಿರು ಬಿಡುವುದನ್ನು ಕಂಡು ತಮಾಷೆ ಮಾಡುತ್ತೇವೆ. ತಗಡಿನಿಂದ ಶಾಖ ಹೊತ್ತೊಯ್ಯಬೇಕಾದ್ದೂ ಅದೇ ಗಾಳಿ. ಚಳಿ ಎಷ್ಟಿದ್ದರೇನು, ಹೊರುವ ಆಳುಗಳೇ ಕಡಿಮೆ. ಎಷ್ಟು ಶಾಖ ತಣಿಸುತ್ತದೆಂದು ತಗಡಿನ ಡಬ್ಬಿಯ ಮೇಲೆ ಅಚ್ಚಾಗಿದ್ದ ಅಂಕಿ ಸಮುದ್ರದ ಪಕ್ಕದ ಊರುಗಳದು. ನಾನು ಸಮುದ್ರ ನೋಡಿದವನೂ ಅಲ್ಲ.

"ತಪ್ಪು ನಂದು ಮಾದ್ರಿನಾ. ಕಂಬಳೀದಲ್ಲ."

"ಗೊತ್ತಾಯ್ತು ಬಿಡು. ನಾಳೆ ಬೆಳಿಗ್ಗೆ ಆರು ಗಂಟೆಗೆ ಏನ್ ಮಾಡ್ತೀಯಾ, ಅದು ಹೇಳು."

ಪೆಟ್ಟಿಗೆ ಎತ್ತಿಕೊಂಡು ಅಂಗಡಿಗೆ ಓಡಿದೆ. ಗೋಡೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಫ್ಯಾನೊಂದು ವರ್ಷದಿಂದ ನೇತಾಡುತ್ತಿತ್ತು. ಚಿಕ್ಕ ಪೆಟ್ಟಿಗೆ ಕೇಳುವವರಿಗೆ ಅಷ್ಟು ದೊಡ್ಡದು ಯಾಕೆ ಎಂದು ಯಾರಿಗೂ ತೋರಿಸಿರಲಿಲ್ಲ. ಅಗಲ ಇದ್ದರೆ ಅವಸರ ಬೇಡ; ನಿಧಾನ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ. ಪೆಟ್ಟಿಗೆಯೊಳಗೆ ಅದು ಹಿಡಿಯಲಿಲ್ಲ. ತಗಡು ಕತ್ತರಿಯಲ್ಲಿ ಪೆಟ್ಟಿಗೆಯ ಮಗ್ಗುಲನ್ನೇ ಕೊರೆದೆ. ಅದುರಿ ಸದ್ದಾಗದಂತೆ ಹಳೆಯ ಚಪ್ಪಲಿಯ ರಬ್ಬರಿನಿಂದ ನಾಲ್ಕು ಚೂರು ಕೊಯ್ದು ನಾಲ್ಕು ಮೂಲೆಗೆ ಕೊಟ್ಟು ಫ್ಯಾನು ಕೂರಿಸಿದೆ. ಯೊವಾನಾ ಟಾರ್ಚು ಹಿಡಿದಿದ್ದಳು. ಒಂದು ಗಂಟೆ ಓಡಿಸಿ ನೋಡು ಅಂದಿದ್ದವಳು ಅವಳೇ ಅನ್ನುವುದು ಚುಚ್ಚಿತು.

ಕತ್ತಲಾಗುವ ಮೊದಲೇ ಮತ್ತೆ ಮಾದ್ರಿನಾ ಕೋಣೆಯಲ್ಲಿದ್ದೆ. ಅವರು ಕಣ್ಣು ಮುಚ್ಚಿ, ತೋರುಬೆರಳೆತ್ತಿ ಕೂತರು. ನಾನು ಫ್ಯಾನಿನ ವೇಗ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದೆ.

"ಕೇಳುತ್ತೆ... ಇನ್ನೂ ಕೇಳುತ್ತೆ... ಇಲಿ ಉಸಿರಾಡ್ದಂಗೆ... ಹೂಂ." ಬೆರಳು ಇಳಿಯಿತು. "ಈಗಿಲ್ಲ."

ಇಪ್ಪತ್ತಾರು ವರ್ಷ ಹೆಡ್‌ಫೋನ್ ಹಾಕಿದ ಕಿವಿ ಅದು. ನನ್ನ ಯಾವ ಮಾಪಕದ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ. ಅಲ್ಲಿಗೇ ನಿಲ್ಲಿಸಿದೆ. ಒಂದು ಗಂಟೆ ಹತ್ತು ನಿಮಿಷ ಓಡಿಸಿದೆವು. ಶಾಖ ಏರಿ, ನಡುವೆಯೇ ನಿಂತು, ಮತ್ತೆ ಏರಲಿಲ್ಲ. ನಾನು ಎದ್ದು ಹೊರಡುವಾಗ ಅವರು ಕೋಲಿನಿಂದ ಪೆಟ್ಟಿಗೆ ತಟ್ಟಿದರು.

"ಆ ಬಿಸಿ ಗಾಳಿ ಗೋಡೆಗ್ಯಾಕೆ ಹೊಡೀಬೇಕು? ಗೋಡೆಗೇನ್ ಮಂಡಿ ನೋವಾ?"

ಗಾಳಿ ಹೊರಬರುವ ಮಗ್ಗುಲನ್ನು ಅವರ ಕಾಲಿನ ಕಡೆ ತಿರುಗಿಸಿದೆ. ಕಂಬಳಿಯನ್ನು ತೊಡೆಯ ಮೇಲೆ ಮಾತ್ರ ಹೊದಿಸಿ, ಎರಡೂ ಬದಿ ತೆರೆದಿಟ್ಟೆ.

ಶುಕ್ರವಾರ ಆರಕ್ಕೆ ನಾನೂ ಯೊವಾನಾನೂ ಒಲೆಯ ಪಕ್ಕ ರೇಡಿಯೋ ಇಟ್ಟುಕೊಂಡು ಕೂತೆವು. ನಲವತ್ತನೆಯ ನಿಮಿಷ ಬಂತು. ಕತ್ತೆಗಳು, ಗುರುತಿನ ಚೀಟಿಗಳು. ಐವತ್ತೆರಡು ಬಂತು. ಬ್ರೆಡ್ಡು ಕೈಯಲ್ಲೇ ಉಳಿದಿತ್ತು. ದನಿ ನಿಲ್ಲಲಿಲ್ಲ. ಆಗ ಮಾದ್ರಿನಾ, ಬೇರೆಲ್ಲ ಪ್ರಕಟಣೆಯ ಧಾಟಿಯಲ್ಲೇ ಓದಿದರು:

"ಕಳೆದುಹೋಗಿದೆ: ವಿಯಾ ಅದೇಲಾ ಬಡಾವಣೇಲಿ ಕಂಪ್ಯೂಟರ್ ಜೋಡಿಸೋ ಗ್ರೋವೆರ್ ಲಾರುತಾ ಅವರ ಜಂಬ. ಗುರುವಾರ ಮಧ್ಯಾಹ್ನ, ನನ್ನ ಮೇಜಿನ ಕೆಳಗೆ. ಸಿಕ್ಕಿದವ್ರು ವಾಪಸ್ ಕೊಡೋದೇನ್ ಬೇಡ. ಸಿಕ್ಕಿದೆ: ಒಂದು ಮಂಡಿ, ಬೆಚ್ಚಗಿದೆ. ವಾರಸುದಾರಳು ತಗೊಂಡಾಯ್ತು." ಒಂದು ಕ್ಷಣ ಸುಮ್ಮನಾದರು, ಹೆಡ್‌ಫೋನಿನಲ್ಲಿ ನಿರ್ದೇಶಕನ ಮಾತು ಕೇಳುತ್ತಿದ್ದರೆಂದು ಕಾಣುತ್ತದೆ. ಆ ಮೌನದಲ್ಲಿ ಫ್ಯಾನು ಕೇಳಿಸೀತೆಂದು ನಾನು ಕಿವಿಯಿಟ್ಟೆ. ಕೇಳಲಿಲ್ಲ. "ಸೋಮವಾರ ಇದೇ ಹೊತ್ತಿಗೆ ನಾನೇ ಬರ್ತೀನಿ," ಅಂದರು.

ಯೊವಾನಾ ನಕ್ಕು ನಕ್ಕು ಚಹಾ ಚೆಲ್ಲಿದಳು. ನನಗೆ ಅಳು ಬಂತು, ಅತ್ತುಬಿಟ್ಟೆ.

ಎಂಟು ಗಂಟೆಗೆ ಅಂಗಡಿ ತೆರೆದಾಗ ಮೂವರು ಬಾಗಿಲಲ್ಲೇ ನಿಂತಿದ್ದರು. "ಜಂಬ ಸಿಕ್ತಾ ಗ್ರೋವೆರ್?" ಅಂದ ಮೊದಲನೆಯವನು. ಅವನ ಹಿಂದಿದ್ದ ಮುದುಕಿ ಅವನನ್ನು ಪಕ್ಕಕ್ಕೆ ತಳ್ಳಿ, ತನ್ನ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಆದರೆ ಎರಡೂ ಮಂಡಿ ನೋವು, ಆ ಪೆಟ್ಟಿಗೆ ತನಗೂ ಒಂದು ಬೇಕು ಅಂದಳು.