ಮೂರಕ್ಕೆ ಹೋಗುವ ಕರೆಂಟು

ಉಗುರಿನ ಸಂದಿಯ ಹಿಟ್ಟು ಪಿನ್ನಿಗೂ ಬರುತ್ತಿರಲಿಲ್ಲ. ಅಮೃತಾ ಅತ್ತೆಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರು ಕೆದಕುತ್ತಿದ್ದಳು. ಎರಡು ಕೊಡ ಬಿಸಿನೀರು, ಸೀಗೆಪುಡಿ ಎಲ್ಲ ಆಗಿತ್ತು. ತಲೆಗೂದಲಿನ ಹಿಟ್ಟು ಹೋಗಿತ್ತು, ಕಿವಿಯ ಹಿಂದಿನದೂ ಹೋಗಿತ್ತು. ಉಗುರಿನದು ಮಾತ್ರ ಮೂವತ್ತೆಂಟು ವರ್ಷದ ಹಿಟ್ಟು, ಕಲ್ಲಾಗಿ ಕೂತಿತ್ತು.

"ಬಿಡಬೇ ಇನ್ನ," ಎಂದಳು ಪಕ್ಕದ ಮನೆಯ ಅಂಜಿನಕ್ಕ. "ಗಿರಣಿ ಗೀತಮ್ಮ ಹಿಟ್ಟಿಲ್ದಂಗ ಹೋದ್ರ ಮ್ಯಾಲಿನೋರು ಗುರುತು ಹಿಡಿಯಂಗಿಲ್ಲ."

ಸುತ್ತ ಕೂತಿದ್ದ ಹೆಂಗಸರು ಅಳುತ್ತಲೇ ಸ್ವಲ್ಪ ನಕ್ಕರು. ಬಾಗಿಲ ಬಳಿ ಕೂತಿದ್ದ ಉಚ್ಚಂಗೆಮ್ಮ ನಗಲಿಲ್ಲ. ಅವಳು ಗೀತಮ್ಮನ ನಾದಿನಿ. ಬೆಳಗಿನ ಮೊದಲ ಬಸ್ಸಿಗೆ ಹಡಗಲಿಯಿಂದ ಚಿಗಟೇರಿಗೆ ಬಂದಿಳಿದಿದ್ದಳು.

"ಈಗ ಉಗುರು ತಿಕ್ಕಿದ್ರ ಏನ್ ಬಂತು?" ಎಂದಳು. "ನಿನ್ನಿ ಬಾಯಾಗ ಒಂದು ಗುಟುಕು ನೀರು ಬಿಡಾಕ ಒಬ್ರಿಲ್ಲ. ಅತ್ತಿ ಹೊರಗ ಜೀವ ಬಿಡಾಕತ್ಯಾಳ, ಸೊಸಿ ಒಳಗ ಕುಂತು ಗುಬ್ಬಿ ಚಿತ್ರ ಬರಿಯಾಕತ್ಯಾಳ."

ಅಮೃತಾ ಮುಂದಿನ ಉಗುರು ಹಿಡಿದಳು. ಮಾತು ನಿಜವಾಗಿತ್ತು. ನಿನ್ನೆ ಮೂರಕ್ಕೆ ಕರೆಂಟು ಹೋಗಿತ್ತು. ಅವಳು ಒಳಕೋಣೆಯಲ್ಲಿ ಗುಬ್ಬಿಯ ಕಾಲು ಬರೆಯುತ್ತಿದ್ದಳು. ಕಾಲು ಸರಿ ಬರದೆ ಮೂರು ಸಲ ಅಳಿಸಿದ್ದಳು. ನಾಲ್ಕಕ್ಕೆ ಹೊರಗೆ ಗಿರಣಿಗೆ ಬಂದರೆ ಅತ್ತೆ ಜೋಳದ ಚೀಲಕ್ಕೆ ಒರಗಿದ್ದಳು, ಬಾಯಿ ಅರ್ಧ ತೆರೆದಿತ್ತು. ಕಟ್ಟೆಯ ಮೇಲೆ ಹರಟುತ್ತಿದ್ದ ಮೂವರು ಹೆಂಗಸರಿಗೂ ಗೊತ್ತಾಗಿರಲಿಲ್ಲ. ಮಲಗಿದ್ದಾಳೆ ಎಂದುಕೊಂಡಿದ್ದರಂತೆ.

ಈ ದಿನ ಬೆಳಿಗ್ಗೆ ಅಮೃತಾ ಚಿತ್ರದ ನೋಟುಬುಕ್ಕುಗಳನ್ನೆಲ್ಲ ಹಳೇ ಪೇಪರಿನಲ್ಲಿ ಕಟ್ಟಿ ಹಿತ್ತಲಿನ ನೀರೊಲೆಯ ಪಕ್ಕ ಕಟ್ಟಿಗೆಯ ರಾಶಿಗೆ ಸೇರಿಸಿದ್ದಳು. ಮಣ್ಣಿಗೆ ಹೋಗಿ ಬಂದವರ ಸ್ನಾನಕ್ಕೆ ಮಧ್ಯಾಹ್ನ ಮತ್ತೆ ಒಲೆ ಹೊತ್ತಿಸಬೇಕು. ಬೆಂಕಿ ಯಾರೇ ಹಾಕಲಿ, ಅವೂ ಜೊತೆಗೆ ಹೋಗುತ್ತವೆ. ತಾನೇ ಕೈಯಾರೆ ಸುಡುವಷ್ಟು ಧೈರ್ಯ ಅವಳಿಗಿರಲಿಲ್ಲ.

"ಸೀರಿ ಕೊಡು ಇಲ್ಲಿ," ಎಂದಳು ಅಂಜಿನಕ್ಕ. ಹಸಿರು ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಗೀತಮ್ಮ ಯಾವಾಗಲೂ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಎಲೆ-ಅಡಿಕೆಯ ಸಂಚಿಯನ್ನು ಮರೆಯದೆ ಅಲ್ಲೇ ಸಿಕ್ಕಿಸಿದಳು. "ಇದಿಲ್ಲಾಂದ್ರ ಗುಣಿಯಾಗಿಂದ ಎದ್ದು ಬಂದುಬಿಡ್ತಾಳ."

* * *

ಒಂಬತ್ತು ವರ್ಷದ ಹಿಂದೆ ಅಮೃತಾ ಈ ಮನೆಗೆ ಬಂದಾಗ ಮೊದಲು ಕಲಿತದ್ದು ರೊಟ್ಟಿಯ ಲೆಕ್ಕವಲ್ಲ, ಕರೆಂಟಿನ ಲೆಕ್ಕ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ, ಎಮ್ಮೆ, ಕೊಟ್ಟೂರಿನ ಶೋರೂಮಿಗೆ ಕೆಲಸಕ್ಕೆ ಹೋಗುವ ಗಂಡ ಗವಿಸಿದ್ದೇಶನ ಡಬ್ಬಿ. ಆಮೇಲೆ ರಾತ್ರಿವರೆಗೆ ಗಿರಣಿ. ಮಕ್ಕಳಾದ ಮೇಲೆ ಮಕ್ಕಳೂ. ಗಿರಣಿ ನಡೆಯಲು ತ್ರೀ ಫೇಸ್ ಬೇಕು. ಮನೆಯ ಬಲ್ಬು, ಫ್ಯಾನು ಸಿಂಗಲ್ ಫೇಸಿನಲ್ಲೂ ನಡೆಯುತ್ತವೆ. ಹಾಗಾಗಿ ಮನೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಗಿರಣಿ ನಿಲ್ಲುವುದು ಊರಲ್ಲಿ ಯಾರಿಗೂ ಸೋಜಿಗವಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಗೀತಮ್ಮ, "ಹೋಗು, ಆ ಯವ್ವನ ಹಿಟ್ಟಿನ ಡಬ್ಬಿ ತಲಿ ಮ್ಯಾಲಿಟ್ಟು ಬಾ," ಎಂದು ಸೊಸೆಯನ್ನು ಹೊರಗೆ ಕಳಿಸುತ್ತಿದ್ದಳು. ಇಟ್ಟು ಬರುವಷ್ಟರಲ್ಲಿ ಗಿರಣಿ ನಿಂತಿರುತ್ತಿತ್ತು.

"ತ್ರೀ ಫೇಸ್ ಹೋತು," ಎನ್ನುತ್ತಿದ್ದಳು. ಆಮೇಲೆ ಕೈ ಒರೆಸಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಪೇಟಿ ತೆಗೆಯುತ್ತಿದ್ದಳು. ಅವಳ ಅಪ್ಪ ಬಯಲಾಟದ ಪೇಟಿ ಮಾಸ್ತರನಾಗಿದ್ದ. ಮದುವೆಯಲ್ಲಿ ಮಗಳಿಗೆ ಪಾತ್ರೆಗಳ ಜೊತೆ ತನ್ನ ಹಾರ್ಮೋನಿಯಂ ಕೊಟ್ಟು ಕಳಿಸಿದ್ದ. ಒಂದು ತಾಸು ಬಾರಿಸುತ್ತಿದ್ದಳು. ಯಾರಿಗೂ ಕೇಳಿಸಲೆಂದಲ್ಲ. ತಪ್ಪಿದ ಕಡೆ ನಿಂತು, ಬೈದುಕೊಂಡು, ಮತ್ತೆ ಅಲ್ಲಿಂದಲೇ ಶುರು ಮಾಡುತ್ತಿದ್ದಳು. ನಾಲ್ಕಕ್ಕೆ ಪೇಟಿ ಮುಚ್ಚುತ್ತಿದ್ದಳು. ಅಷ್ಟರಲ್ಲಿ ತ್ರೀ ಫೇಸ್ ಬಂದಿರುತ್ತಿತ್ತು.

ಆಚೆ ಓಣಿಯ ಗಿರಣಿ ನಡೆಯುತ್ತಿದೆಯಲ್ಲ ಎಂದು ಯಾರಾದರೂ ಕೇಳಿದರೆ, "ಅದರ ಲೈನ್ ಬ್ಯಾರೆ," ಎನ್ನುತ್ತಿದ್ದಳು.

ಅಮೃತಾ ಬಂದ ಎರಡು ವರ್ಷದಲ್ಲಿ ಅತ್ತೆಯ ಬೆರಳಿನ ಗೆಣ್ಣುಗಳು ಊದಿಕೊಂಡವು. ಎಡಗೈ ತಿದಿ ಒತ್ತದಾಯಿತು, ಬಲಗೈ ಪೇಟಿಯ ಕಪ್ಪು-ಬಿಳಿ ಮನೆಗಳ ಮೇಲೆ ಓಡದಾಯಿತು. ಒಂದು ದಿನ ಗೀತಮ್ಮ ಪೇಟಿಯನ್ನು ಗೋಣಿತಾಟಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಳು. ರಾತ್ರಿ ಎಂದಿನಂತೆ ಎರಡು ರೊಟ್ಟಿ ತಿಂದಳು.

ಅದೇ ಹೊತ್ತಿಗೆ ಅಮೃತಾಳ ಕೈಗೆ ಸಿಕ್ಕಿದ್ದು ಒಂದು ಹಳೇ ಕ್ಯಾಲೆಂಡರಿನ ಹಾಳೆ. ಹರಪನಹಳ್ಳಿಯ ಹಾಸ್ಟೆಲ್ಲಿನಲ್ಲಿದ್ದಾಗ ಅವಳು ಸಿಕ್ಕ ಕಾಗದದ ಮೇಲೆಲ್ಲ ಚಿತ್ರ ಬರೆಯುತ್ತಿದ್ದಳು. ಮದುವೆಯಾದ ಮೇಲೆ ಪೆನ್ಸಿಲ್ ಮುಟ್ಟಿರಲಿಲ್ಲ. ಚೀಲಕ್ಕೆ ಒರಗಿ ತೂಕಡಿಸುತ್ತಿದ್ದ ಅತ್ತೆಯನ್ನು ಹಾಳೆಯ ಹಿಂಬದಿಯಲ್ಲಿ ಬರೆದಳು. ಅತ್ತೆ ಎಚ್ಚರಾಗಿ ಅದನ್ನು ಕಸಿದು ದೂರ ಹಿಡಿದು ನೋಡಿದಳು.

"ನನ್ನ ಮೂಗು ಇಷ್ಟು ದಪ್ಪ ಐತೇನು?"

"ಐತ್ರಿ."

ಗೀತಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸಂಚಿಗೆ ಹಾಕಿಕೊಂಡಳು. ಮರುದಿನ ಮೂರಕ್ಕೆ, "ತ್ರೀ ಫೇಸ್ ಹೋತು. ಒಳಗ ಹೋಗಿ ನಿನ್ನ ಕೆಲಸ ನೋಡ್ಕ ಹೋಗು," ಎಂದಳು. ಅದರ ಮರುದಿನವೂ ಹಾಗೇ. ಏಳು ವರ್ಷ, ಮೂರಕ್ಕೆ ಹೋದದ್ದು ನಾಲ್ಕಕ್ಕೆ ಬಂತು. ಅಮೃತಾ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಇಷ್ಟು ಕೆಟ್ಟ ಲೈನು ತಮ್ಮ ಮನೆಗೆ ಸಿಕ್ಕಿದ್ದು ಪುಣ್ಯ ಎಂದುಕೊಂಡಿದ್ದಳು.

* * *

ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಎದುರಿಗೆ ಭಜನೆಯವರು ಕೂತಿದ್ದರು. ಗುಣಿ ಆಯಿತೆಂದು ಹೊಲದಿಂದ ಫೋನು ಬಂತು; ಅಯ್ಯನೋರು ಬಂದು ಪೂಜೆ ಮಾಡಿದರೆ ಎತ್ತುವುದೊಂದೇ ಬಾಕಿ.

ಬಂದವರಿಗೆ ನೀರು ಕೊಡಲು ಅಮೃತಾ ಗಿರಣಿಯ ಕಡೆ ಹೋದಾಗ ಗವಿಸಿದ್ದೇಶ ನೂರಸಾಬನೊಂದಿಗೆ ಮಾತಾಡುತ್ತಿದ್ದ. ನೂರಸಾಬ ರಿಟೈರಾದ ಲೈನ್‌ಮನ್. ಊರಿನ ಯಾವ ಕಂಬ ಎಂದು ಬಿತ್ತು ಎಂಬುದು ಅವನ ಬಾಯಲ್ಲಿತ್ತು.

"ನಿನ್ನಿ ಮೂರಕ್ಕ ಹೋಗಿದ್ದು ಇನ್ನೂ ಬಂದಿಲ್ರಿ ಸಾಬರ," ಗವಿಸಿದ್ದೇಶ ಹೇಳುತ್ತಿದ್ದ. "ಹನ್ನೆರಡು ಮಂದಿ ಡಬ್ಬಿ ಇಲ್ಲೇ ಅದಾವ. ಅವ್ವ ಇದ್ಲು, ನಡೀತು. ಇನ್ನ ಇಕಿ ಒಬ್ಬಾಕೀನ ನೋಡ್ಕಬೇಕು. ಒಂದು ಜನರೇಟರ್ ತಂದು ಇಟ್ಟುಬಿಡ್ತೀನಿ. ಹಗಲೆಲ್ಲ ನಿಲ್ಲಂಗಿಲ್ಲ ಅದು."

"ಮೊದ್ಲು ಮಣ್ಣು ಮುಗೀಲಿ ತಮ್ಮಾ," ಎಂದ ನೂರಸಾಬ. ಯಾರೋ ಕರೆದರೆಂದು ಗವಿಸಿದ್ದೇಶ ಒಳಗೆ ಹೋದ. ನೂರಸಾಬ ನೀರು ಕುಡಿದು ಲೋಟ ವಾಪಸು ಕೊಡಲಿಲ್ಲ. ಅದನ್ನು ತಿರುಗಿಸುತ್ತ ನಿಂತ.

"ಯವ್ವಾ, ಆ ದೇವರ ಕ್ಯಾಲೆಂಡರ್ ಎತ್ತಿ ನೋಡು."

ಗಿರಣಿಯ ಕರೆಂಟಿನ ಬೋರ್ಡಿನ ಮೇಲೆ ಅತ್ತೆ ದೇವರ ಕ್ಯಾಲೆಂಡರ್ ನೇತುಹಾಕಿದ್ದಳು. ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಮೊದಲ ದಿನವೇ ಹೆದರಿಸಿದ್ದಳು. ಅಮೃತಾ ಎತ್ತಿದಳು. ಮೂರು ಬಿಳಿ ಪಿಂಗಾಣಿ ಫ್ಯೂಸು ಇರಬೇಕಾದಲ್ಲಿ ಎರಡಿದ್ದವು. ಮೂರನೆಯದರ ಜಾಗ ಉದುರಿದ ಹಲ್ಲಿನಂತೆ ಖಾಲಿಯಿತ್ತು. ಒಂದಿಲ್ಲದಿದ್ದರೂ ಗಿರಣಿ ತಿರುಗದು.

"ಯಾರು ತೆಗೆದ್ರು?"

"ಯಾರು ತೆಗೀತಾರ," ಎಂದ ನೂರಸಾಬ. "ಈ ಊರಾಗ ಎಷ್ಟೋ ವರ್ಷದಿಂದ ದಿನಾ ಮೂರಕ್ಕ ತ್ರೀ ಫೇಸ್ ಹೋಗಿದ್ದೇ ಇಲ್ಲ. ಅದಕ್ಕೂ ಮೊದಲು ಹೋಗ್ತಿತ್ತು, ಖರೇ. ದಿನಕ್ಕ ಮೂರು ತಾಸು. ಆವಾಗ ನಿಮ್ಮತ್ತಿ ಪೇಟಿ ಬಾರಿಸ್ತಿದ್ಲು. ಆಮ್ಯಾಲೆ ಲೈನ್ ಸುಧಾರಿಸ್ತು. ಊರಿಗೆಲ್ಲ ಖುಷಿ. ಆಕಿಗೆ ಮಾತ್ರ ಕುಂತು ಉಸುರು ಬಿಡಾಕ ಹೊತ್ತಿಲ್ಲ. ನಾನು ಒಂದ್ಸಲ ಕಂಪ್ಲೇಂಟ್ ನೋಡಾಕ ಬಂದೆ. ಬಂದ್ರ ಫ್ಯೂಸ್ ಇಲ್ಲ, ಒಳಗ ಪೇಟಿ ನಡದೈತಿ. ಹೊರಗ ಬಂದಾಕಿ ಸಂಚಿಯಿಂದ ಎಲಿ ತೆಗೀತಾಳ, ಜೊತಿಗೆ ಫ್ಯೂಸೂ ಬಂತು. ಇಬ್ರೂ ಮುಖ ನೋಡ್ಕಂಡ್ವಿ."

"ನೀವೇನಂದ್ರಿ?"

"ಏನಂತೀನಿ? 'ಲೈನ್ ಸರಿಪಡಿಸಲಾಗಿದೆ' ಅಂತ ಬರದು ಬಂದೆ. ನಮ್ಮ ಮನಿಯಾಕಿ ಲಾಲ್ ಬೀ ಎರಡು ಸೇರು ಜೋಳ ಇಟ್ಕಂಡು ಬಂದು ಈ ಗೋಡಿ ಹತ್ರನ ಕೂಡ್ತಿದ್ಲು. ಮನಿಗೆ ಬಂದು, 'ಇವತ್ತು ಗೀತಕ್ಕ ಎರಡು ಕಡೆ ತಪ್ಪಿದ್ಲು' ಅಂತಿದ್ಲು."

ಅಮೃತಾ ಕ್ಯಾಲೆಂಡರ್ ಬಿಟ್ಟಳು. ಅದು ಗೋಡೆಗೆ ಬಡಿದು ನಿಂತಿತು.

"ಬೆರಳು ನಿಂತು ಏಳು ವರ್ಷಾತು. ಪೇಟಿ ಅಟ್ಟದ ಮ್ಯಾಲೈತಿ. ಆಮ್ಯಾಲೂ ಯಾಕ..."

"ನಾನೂ ಹಂಗ ಕೇಳಿದ್ದೆ," ಎಂದ ನೂರಸಾಬ. ಲೋಟವನ್ನು ಅವಳ ಕೈಗೆ ಕೊಟ್ಟ. "'ಈಗ ಸೊಸಿ ಪಾಳಿ' ಅಂದ್ಲು."

ಅಮೃತಾ ಗಿರಣಿಯ ಬಾಗಿಲಿಗೆ ಕೈ ಕೊಟ್ಟು ನಿಂತಳು. ಅತ್ತೆ ನಿನ್ನೆಯೂ ಫ್ಯೂಸು ತೆಗೆದಿದ್ದಳು. ಎದೆ ಹಿಡಿದುಕೊಂಡಿತ್ತೋ ಏನೋ, ತೆಗೆಯುವುದನ್ನು ತೆಗೆದು, ಸೊಸೆಯನ್ನು ಒಳಗೆ ಕಳಿಸಿ, ಆಮೇಲೆ ಚೀಲಕ್ಕೆ ಒರಗಿದ್ದಳು. ಹಾಗಾದರೆ ಫ್ಯೂಸು ಈಗ ಎಲ್ಲಿದೆ?

ಹೊರಗೆ ಯಾರೋ ಅಂದರು: "ಅಯ್ಯನೋರು ಬಂದ್ರು, ದಾರಿ ಬಿಡ್ರಿ."

ಅವಳು ಓಡಲಿಲ್ಲ, ಆದರೆ ಭಜನೆಯವರ ನಡುವೆಯೇ ದಾಟಿ ಹೋದಳು. ಅತ್ತೆಯ ಎದುರು ಮೊಣಕಾಲೂರಿ ಸೊಂಟಕ್ಕೆ ಕೈ ಹಾಕಿದಳು.

"ಏನದು?" ಎಂದಳು ಉಚ್ಚಂಗೆಮ್ಮ. "ಪೂಜಿ ಹೊತ್ತಿಗೆ ಹೆಣದ ಸಂಚಿ ತಡಕ್ತಾಳ."

"ಎಲಿ ಒಣಗ್ಯಾವ್ರಿ. ಹಸಿ ಎಲಿ ಹಾಕ್ತೀನಿ."

ಅಂಜಿನಕ್ಕ ತಕ್ಷಣ ಎರಡು ಎಲೆ ತಂದು ಕೊಟ್ಟಳು. ಸಂಚಿಯ ಒಳಜೇಬಿನಲ್ಲಿ ಗಟ್ಟಿಯಾದದ್ದು ಕೈಗೆ ತಾಗಿತು, ಕಾಗದದಲ್ಲಿ ಸುತ್ತಿದ್ದು. ಮಡಿಕೆಗಳಲ್ಲಿ ಹರಿದು, ಸುಣ್ಣ ಹತ್ತಿ, ಅಡಿಕೆಯ ಕೆಂಪು ಹಿಡಿದಿದ್ದ ಕ್ಯಾಲೆಂಡರ್ ಹಾಳೆ. ಒಂದು ಬದಿ ಯಾವುದೋ ತಿಂಗಳು, ಇನ್ನೊಂದು ಬದಿ ದಪ್ಪ ಮೂಗು. ಅಮೃತಾ ಫ್ಯೂಸನ್ನು ಸೆರಗಿಗೆ ಹಾಕಿಕೊಂಡಳು. ಹಾಳೆಯನ್ನು ಹಳೇ ಮಡಿಕೆಗಳಲ್ಲೇ ಮಡಿಸಿ ಸಂಚಿಯಲ್ಲಿ ವಾಪಸಿಟ್ಟು, ಮೇಲೆ ಹಸಿ ಎಲೆ ಇಟ್ಟು, ದಾರ ಎಳೆದಳು.

* * *

ಮಣ್ಣು ಮುಗಿಸಿ ಬರುವಷ್ಟರಲ್ಲಿ ಎರಡೂವರೆ ದಾಟಿತ್ತು. ಗವಿಸಿದ್ದೇಶ ಹಿತ್ತಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೀರೊಲೆಗೆ ಉರಿ ಮಾಡುತ್ತಿದ್ದ. ಕಣ್ಣು ಕೆಂಪಾಗಿದ್ದವು; ಹೊಗೆಯಿಂದಷ್ಟೇ ಅಲ್ಲ. ಪೇಪರಿನ ಕಟ್ಟು ಅವನ ಕೈಯಲ್ಲಿತ್ತು.

"ಅದು ಬ್ಯಾಡ್ರಿ," ಎಂದು ಅಮೃತಾ ಕಟ್ಟನ್ನು ಈಸಿಕೊಂಡಳು.

"ರದ್ದಿ ಅಂತ ಮಾಡಿದ್ದೆ."

"ಅಲ್ಲ."

ಅವನು ತೆಂಗಿನ ಗರಿ ಮುರಿದು ಒಲೆಗೆ ಹಾಕಿದ. "ಕೊಟ್ಟೂರಾಗ ಹೇಳಿಬಿಡ್ತೀನಿ ಜನರೇಟರ್‌ಗೆ."

"ಜನರೇಟರೂ ಬ್ಯಾಡ. ಬೆಳಿಗ್ಗೆ ಬರ್ತೈತಿ ತ್ರೀ ಫೇಸ್."

"ಬಂದ್ರೂ ಮೂರಕ್ಕ ಹೋಗ್ತೈತಲ್ಲ."

"ಹೋಗ್ಲಿ. ನಾಲ್ಕಕ್ಕ ಬರ್ತೈತಿ."

"ಜನ ಕಾಯ್ತಾರೇನು ಒಂದು ತಾಸು?"

ಕೈಕಾಲು ತೊಳೆಯುತ್ತಿದ್ದ ಅಂಜಿನಕ್ಕ ಚೊಂಬು ಕೆಳಗಿಟ್ಟಳು. "ಆ ತಾಸಿಗೇ ಅಲ್ಲೇನೋ ನಾವು ಬರ್ತಿದ್ದಿದ್ದು. ಎರಡೂ ಮುಕ್ಕಾಲಿಗೆ ಡಬ್ಬಿ ತಲಿ ಮ್ಯಾಲಿಟ್ಕಂಡು ಹೊಂಟ್ರ, ಎಲ್ಲಿಗೆ ಅಂತ ಅತ್ತಿ ಕೇಳಂಗಿಲ್ಲ, ಗಂಡ ಕೇಳಂಗಿಲ್ಲ. ತಡಾ ಯಾಕ ಅಂದ್ರ ತ್ರೀ ಫೇಸ್ ಇರ್ಲಿಲ್ಲ. ಇಪ್ಪತ್ತು ವರ್ಷ ಆ ಕಟ್ಟಿ ಮ್ಯಾಲೆ ಕಾಲು ಚಾಚಿ ಕುಂತೀವಿ. ಆಚೆ ಓಣಿ ಗಿರಣಿ ನಮಗೇನು ದೂರ ಇತ್ತೇನು?"

"ಹಡಗಲ್ಯಾಗ ಇಂಥ ಗಿರಣಿ ಇಲ್ಲ," ಎಂದಳು ಉಚ್ಚಂಗೆಮ್ಮ. ಬಯ್ಗುಳವೋ ಅಲ್ಲವೋ ತಿಳಿಯಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕೂತು ಅವಳು ತನ್ನ ಎರಡೂ ಕಾಲುಗಳನ್ನು ನೋಡಿಕೊಂಡಳು. ಆಮೇಲೆ, "ಸ್ನಾನ ಮಾಡಿ ಬಾರವ್ವಾ. ಮಕ್ಕಳಿಗೆ ನಾನು ಉಣ್ಣಾಕ ಇಡ್ತೀನಿ," ಎಂದಳು.

ಅಮೃತಾ ಮೈತೊಳೆದು ಬಂದು ಒಳಕೋಣೆಗೆ ಹೋದಳು. ನೋಟುಬುಕ್ಕುಗಳನ್ನು ಕಟ್ಟು ಬಿಚ್ಚಿ ಗೂಡಿನಲ್ಲಿಟ್ಟಳು. ಫ್ಯೂಸು ಅಂಗೈಯಷ್ಟು ಅಗಲ. ಹಿಡಿಯುವ ಕಡೆ ಬಿಳಿ ಪಿಂಗಾಣಿ ಸವೆದಿತ್ತು, ಗೀರುಗಳಲ್ಲಿ ಹಿಟ್ಟು ಕೂತಿತ್ತು. ಹಾಸ್ಟೆಲ್ಲಿನ ಕಾಲದ ಕಂಪಾಸ್ ಡಬ್ಬಿ ತೆಗೆದು ಪೆನ್ಸಿಲುಗಳನ್ನು ಒಂದು ಬದಿಗೆ ಸರಿಸಿ, ಅದನ್ನು ನಡುವೆ ಇಟ್ಟಳು. ಮುಚ್ಚಳ ಕೂಡಲಿಲ್ಲ. ತಲೆಗೂದಲಿನ ರಬ್ಬರ್ ಬ್ಯಾಂಡ್ ಬಿಚ್ಚಿ ಎರಡು ಸುತ್ತು ಹಾಕಿದಳು. ಹೊರಗೆ ಹನ್ನೆರಡು ಡಬ್ಬಿಗಳು ನಿನ್ನೆಯ ಪಾಳಿಯಲ್ಲೇ ಕೂತಿದ್ದವು, ಕಟ್ಟೆಯ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾಲು ಚಾಚುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯಿತು.