ಬೆನ್ನು ತಿರುಗಿಸಿ ಕೂತವರು

ಗುದ್ದಲಿ ಮತ್ತೆ ಬೇರಿಗೆ ತಗುಲಿ ಪುಟಿದಾಗ ಬಡಗಿ ಅದನ್ನು ಮಣ್ಣಿನ ಗುಡ್ಡೆಯ ಮೇಲೆಸೆದು ಸೊಂಟ ಹಿಡಿದುಕೊಂಡ. ಮಳೆ ಹಿಂದೆ ಸರಿದು ತಿಂಗಳಾಗಿತ್ತು. ಮೇಲಿನ ಮಣ್ಣು ಸಡಿಲವಾಗಿ ಬಂದರೂ ಮೊಣಕಾಲುದ್ದ ಇಳಿದ ಮೇಲೆ ನೆಲ ಸುಟ್ಟ ಇಟ್ಟಿಗೆಯ ಹಾಗೆ ಬಿಗಿದುಕೊಂಡಿತ್ತು. ಸ್ಮಶಾನದ ಬೇಲಿಯಾಚೆ ಮುಸುಕಿನ ಜೋಳದ ಕಟಾವು ನಡೆದಿತ್ತು. ಕೊಯ್ಯುವವರು ಆಗಾಗ ನೆಟ್ಟಗೆ ನಿಂತು ಈ ಕಡೆ ನೋಡಿ ಮತ್ತೆ ಬಾಗುತ್ತಿದ್ದರು.

"ಕೊಡಲಿ ತಗೊಂಡ್ ಬಾ ಅಂದ್ರೆ ಗರಗಸ ತಂದಿದೀಯ," ಎಂದ ಹಾಲಿನವನು, ಗುಂಡಿಯೊಳಗಿಂದಲೇ. "ಬೇರು ಕಡಿಯೋದಾ, ಇಲ್ಲಾ ಅದರಲ್ಲೊಂದು ಕುರ್ಚಿ ಮಾಡೋದಾ?"

"ಪೆಟ್ಟಿಗೆ ಮಾಡೋ ಕೈ ಕಣೋ ಇದು. ಗುಂಡಿ ತೋಡೋ ಕೈಯಲ್ಲ."

"ಇಬ್ಬರೂ ಬಾಯಿ ಬಿಟ್ಟು ಕೈ ಆಡ್ಸಿ," ಎಂದ ಕ್ಯಾಪ್ಟನ್.

ಅವನು ಆಟ ಬಿಟ್ಟು ಮಕ್ಕಳ ಮದುವೆಯಾಗುವಷ್ಟು ಕಾಲ ಸರಿದಿತ್ತು. ಊರು ಮಾತ್ರ ಇನ್ನೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿತ್ತು. ಜಗಳ ಬಂದಾಗ ಹೆಂಡತಿಯೂ. ಬಡಗಿ, ಹಾಲಿನವನು ಇಬ್ಬರೂ ಅವನ ಫುಟ್‌ಬಾಲ್ ಟೀಮಿನವರು. ಈಗ ಯಾರಿಗಾಗಿ ಈ ಗುಂಡಿಯೋ ಅವನು ಆ ಕಾಲದಲ್ಲಿ ಇವರೆಲ್ಲರ ಬೆನ್ನ ಹಿಂದೆ ಗೋಲಿನಲ್ಲಿ ನಿಲ್ಲುತ್ತಿದ್ದವನು. ಊರವರು ಅವನಿಗೆ ಇಟ್ಟ ಹೆಸರು ಗೋಡೆ.

"ಈಗಿನ ಟೀಮಿನ ಹುಡುಗರು ಬರ್ತಾರಂತಾ?" ಎಂದು ಬಡಗಿ ಕೇಳಿದ.

"ಬರದೆ ಏನು. ಓಡೋ ಕೆಲಸ ಅಲ್ವಲ್ಲ, ನಡ್ಕೊಂಡೇ ಬರಬಹುದು," ಎಂದ ಹಾಲಿನವನು.

ಬಡಗಿ ನಕ್ಕ. ನಗು ಬಂದದ್ದೇ ಅವನಿಗೆ ಸಲಿಗೆ ಹೆಚ್ಚಿತು. "ಬ್ಯಾಕಲ್ಲಿ ಆಡ್ತಾನಲ್ಲ ಆ ಉದ್ದನೆಯವನು, ಅವನನ್ನ ಹೊಲದಲ್ಲಾದ್ರೂ ನಿಲ್ಸಿದ್ರೆ ಕಾಗೆ ಹೆದರ್ತಿದ್ವು."

"ಎಲ್ಲಿ ಹೆದರ್ತವೆ? ತಲೆ ಮೇಲೆ ಗೂಡು ಕಟ್ತವೆ."

"ಈ ಸಲ ಲೀಗಿಂದ ಆಚೆಗೇ ಹಾಕ್ತಾರೆ, ನೋಡ್ತಿರಿ. ನಾವು ಬೆವರು ಸುರಿಸಿ ಕಟ್ಟಿದ ಟೀಮು! ಮೊದಲು ಆ ಗೋಲಿಗೊಂದು ಬಾಗಿಲು ಮಾಡಿ ಚಿಲಕ ಹಾಕ್ಬೇಕು. ಆ ಕೀಪರ್ ಇದಾನಲ್ಲ..."

ಬಡಗಿಯ ಬಾಯಿ ಅಲ್ಲೇ ನಿಂತಿತು. ಈಗಿನ ಕೀಪರ್ ಗೋಡೆಯ ಮಗ. ಹಾಲಿನವನು ಬಾಯಿಗೆ ಹಾರಿದ ಮಣ್ಣನ್ನು ಉಗುಳಿ, ಗುಂಡಿಯ ಬದಿಗೊರಗಿಸಿದ್ದ ಸಲಿಕೆ ತೆಗೆದುಕೊಂಡ.

"ಅವನು ಹೆಗಲು ಕೊಡಲ್ಲ ಅಂತಿದಾನೆ," ಎಂದ ಮಣ್ಣು ಎತ್ತುತ್ತಾ. "ಬೆಳಿಗ್ಗೆ ಹಾಲು ಹಾಕೋಕೆ ಹೋದಾಗ ಅತ್ತಿಗೆ ಹೇಳಿದ್ರು. ಅಪ್ಪ ನನ್ನ ಮುಖ ನೋಡೋಕಾಗದೆ ತಿರುಗಿ ಕೂತು ಸತ್ತ, ಈಗ ನಾನು ಮುಟ್ಟಿದ್ರೆ ಅವನಿಗೆ ಹಿಡಿಸಲ್ಲ ಅಂತ ಒಂದೇ ಹಟ. ಎರಡು ದಿನದಿಂದ ತುತ್ತು ಅನ್ನ ಮುಟ್ಟಿಲ್ಲ."

ಕ್ಯಾಪ್ಟನ್ ಮಣ್ಣಿನ ಗುಡ್ಡೆಯ ಮೇಲಿದ್ದ ಗುದ್ದಲಿ ಎತ್ತಿಕೊಂಡ.

"ಹೇಳ್ಬೇಕಲ್ವಾ ನಾವು?"

"ಏನಂತ?"

"ನಡೆದದ್ದು."

"ಇವತ್ತೇ ಹೇಳ್ಬೇಕಾ?"

"ಇವತ್ತು ಬಿಟ್ರೆ ಹೆಗಲು ಕೊಡೋ ದಿನ ಇನ್ಯಾವತ್ತು ಬರುತ್ತೆ ಕ್ಯಾಪ್ಟನ್?"

*

ರಸ್ತೆಯ ತಿರುವಿನಲ್ಲಿ ಗೋಡೆಯ ಪಂಕ್ಚರ್ ಅಂಗಡಿ. ತಗಡಿನ ಮಾಡು, ಗಾಳಿ ತುಂಬುವ ಯಂತ್ರ, ಒಂದು ನೀರಿನ ತೊಟ್ಟಿ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಾ ಕೂತನೆಂದರೆ, ಎದುರಿನವನು ಲೋಕದ ಸುದ್ದಿಯೆಲ್ಲ ಹೇಳಿದರೂ ಅವನ ಉತ್ತರ "ಹ್ಞೂಂ" ಒಂದೇ. ಆಡುವ ದಿನಗಳಲ್ಲೂ ಹಾಗೇ ಇದ್ದ. ಗೋಲು ತಡೆದರೆ ಅಂಗಿಯ ಧೂಳು ಕೊಡವುತ್ತಿದ್ದ. ಬಿಟ್ಟರೆ ಬಲೆಯಿಂದ ಚೆಂಡು ತೆಗೆದು, ಅದನ್ನೂ ಒಮ್ಮೆ ಒರೆಸಿ, ಮುಂದಿನವನಿಗೆ ಕೊಡುತ್ತಿದ್ದ.

ಒಮ್ಮೆ, ಆ ಕಾಲದ ದೊಡ್ಡ ಪಂದ್ಯದಲ್ಲಿ, ಮಗುವಿನ ಕಾಲಿಗೂ ಸಿಗುವಂಥ ಚೆಂಡು ಅವನ ಎರಡು ಕಾಲುಗಳ ನಡುವೆ ಉರುಳಿ ಒಳಗೆ ಹೋಗಿತ್ತು. ಜನ ಮೈದಾನಕ್ಕೆ ನುಗ್ಗಿದ್ದರು. ಆಗ ಕ್ಯಾಪ್ಟನ್ ಅವನ ಹೆಗಲ ಮೇಲೆ ಕೈಹಾಕಿಕೊಂಡು ಆ ಗುಂಪಿನ ನಡುವೆಯೇ ನಡೆಸಿಕೊಂಡು ಬಂದಿದ್ದ. "ನಮ್ಮ ಹುಡುಗನ ಮೈ ಮುಟ್ಟಿದ್ರೆ ನೋಡಿ," ಎಂದಿದ್ದ. ಯಾರೂ ಮುಟ್ಟಿರಲಿಲ್ಲ.

ಮಗ ಕೀಪರ್ ಆದದ್ದು ಆಟ ಬರುತ್ತಿತ್ತೆಂದಲ್ಲ. ಆ ಜಾಗದಲ್ಲಿ ನಿಲ್ಲಲು ಬೇರೆ ಯಾರೂ ಒಪ್ಪಲಿಲ್ಲ, ಇವನು ಬೇಡವೆನ್ನಲಿಲ್ಲ. ಸೋತ ಸಂಜೆಗಳಲ್ಲಿ ಅವನು ದೊಡ್ಡ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಬರುತ್ತಿದ್ದ. ಗೋಡೆ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಕಾಯುತ್ತಿದ್ದ. ಮಗ ಬಂದೊಡನೆ ಅವನ ಮುಂದಕ್ಕೊಂದು ಚಕ್ರ ತಳ್ಳುತ್ತಿದ್ದ. ಇಬ್ಬರೂ ಕೂತು ಉಳಿದ ಕೆಲಸ ಮುಗಿಸುತ್ತಿದ್ದರು. ಪಂದ್ಯದ ಮಾತೇ ಇಲ್ಲ. ಮನೆಗೆ ಹೊರಡುವಾಗ ಮಾತ್ರ, "ಮೊಣಕೈ ತರಚಿದೆ, ತೊಳ್ಕೋ," ಎನ್ನುತ್ತಿದ್ದ.

*

ಮೈದಾನದ ಬದಿಯಲ್ಲಿ, ಗೋಲಿಗೆ ಹತ್ತಿರ, ಒರಗಲು ಹಲಗೆಯಿಲ್ಲದ ಉದ್ದ ಬೆಂಚೊಂದಿದೆ. ಅದು ಹಳೆಯ ಆಟಗಾರರದು. ಹಿಂದೊಮ್ಮೆ ಹುಡುಗರು ತೀರಾ ಕೆಟ್ಟದಾಗಿ ಆಡಿದ ದಿನ ಕ್ಯಾಪ್ಟನ್, "ಇದನ್ನ ನೋಡೋದಕ್ಕಿಂತ ಜೋಳ ಬೆಳೆಯೋದು ನೋಡೋದು ವಾಸಿ," ಎಂದು ಕಾಲೆತ್ತಿ ಆಚೆಗೆ ಹಾಕಿ, ಮೈದಾನಕ್ಕೆ ಬೆನ್ನು ಮಾಡಿ, ಎದುರಿನ ಹೊಲ ನೋಡುತ್ತಾ ಕೂತಿದ್ದ. ಎಲ್ಲರೂ ನಕ್ಕು ಹಾಗೇ ಮಾಡಿದ್ದರು. ತಮಾಷೆ ಬರಬರುತ್ತಾ ಕಟ್ಟಳೆಯಾಯಿತು. ಕ್ಯಾಪ್ಟನ್ ಮಂಡಿ ತಟ್ಟಿದರೆ ಬೆಂಚಿಗೆ ಬೆಂಚೇ ತಿರುಗಬೇಕು. ತಿರುಗಿದ ಮೇಲೆ ಮಾತಿಲ್ಲ, ಅತ್ತಿತ್ತ ನೋಡುವಂತಿಲ್ಲ. ಬೇಲಿಯ ಹತ್ತಿರ ನಿಂತ ಅಭಿಮಾನಿಗಳೂ ಕಲಿತುಬಿಟ್ಟರು. ಈ ವರ್ಷವಂತೂ ಆಟ ಬಿಸಿಯೇರುವ ಮೊದಲೇ ಹುಡುಗರಿಗೆ ಕಾಣುತ್ತಿದ್ದುದು ಊರಿನ ಬೆನ್ನು.

ಗೋಡೆ ಒಬ್ಬನೇ ಆ ಹೊತ್ತಿಗೆ, "ಅಂಗಡಿ ತೆಗೆದೇ ಬಂದಿದೀನಿ," ಎಂದು ಎದ್ದುಹೋಗುತ್ತಿದ್ದ. ಹೋಗುತ್ತಿದ್ದುದು ಅಂಗಡಿಗಲ್ಲ, ಬೇಲಿಯ ಮೂಲೆಯಲ್ಲಿ ನಿಲ್ಲಿಸಿದ ತನ್ನ ಸೈಕಲ್ಲಿನ ಪಕ್ಕಕ್ಕೆ. ಅಲ್ಲಿಂದ ಗೋಲು ಕಾಣುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು.

ಮೊನ್ನೆ ಭಾನುವಾರ ಕ್ಯಾಪ್ಟನ್ ಅವನ ತೋಳು ಹಿಡಿದ. "ಈ ಹೊತ್ತಲ್ಲಿ ಯಾವ ಗಾಡಿ ಬರುತ್ತೆ ನಿನ್ನ ಅಂಗಡಿಗೆ? ಕೂತ್ಕೋ."

"ಅವನು ಈ ಕಡೆನೇ ನೋಡ್ತಿರ್ತಾನೆ ಕಣೋ."

"ನೋಡ್ಲಿ. ನೋಡ್ಲಿ ಅಂತಾನೇ ತಿರುಗೋದು. ನಮ್ಮೆಲ್ಲರ ಮಾನ ಬೀದಿಗೆ ಬಿದ್ದಿದೆ, ನಿನಗೊಬ್ಬನಿಗೆ ಮಗನ ಮುದ್ದು! ಅಷ್ಟಿದ್ರೆ ಹೋಗಿ ಅವನ ಪಕ್ಕದಲ್ಲೇ ನಿಂತ್ಕೋ. ಇಬ್ಬರು ಸೇರಿದ್ರೆ ಒಂದಾದ್ರೂ ಹಿಡೀತೀರೇನೋ."

ಬೇಲಿಯ ಕಡೆಯಿಂದ ನಗು ಬಂತು, ಯಾರೋ ಶಿಳ್ಳೆ ಹಾಕಿದರು. ಕ್ಯಾಪ್ಟನ್ ಅವನ ಎರಡೂ ಭುಜ ಹಿಡಿದು ತಿರುಗಿಸಿದ. ಗೋಡೆ ಕಾಲೆತ್ತಿ ಆಚೆ ಹಾಕಿದ.

ಎಲ್ಲರೂ ಜೋಳ ನೋಡುತ್ತಾ ಕೂತರು. ಬೆನ್ನ ಹಿಂದೆ ಸೀಟಿ ಊದಿತು, ಆಚೆ ಊರಿನವರ ಕೇಕೆ ಎದ್ದಿತು. ಮತ್ತೆ ಸೀಟಿ, ಮತ್ತೆ ಕೇಕೆ. ಗೋಡೆ ಮೆಲ್ಲಗೆ ಹಾಲಿನವನ ಭುಜಕ್ಕೆ ಒರಗಿದ. "ನೆಟ್ಟಗೆ ಕೂರೋ, ಎಲ್ಲರೂ ನೋಡ್ತಿದಾರೆ," ಎಂದು ಹಾಲಿನವನು ಮೊಣಕೈಯಲ್ಲಿ ತಿವಿದ. ಕಟ್ಟಳೆಯೆಂದು ಕತ್ತು ತಿರುಗಿಸಲಿಲ್ಲ. ಪಂದ್ಯ ಮುಗಿದು ಹಾಲಿನವನು ಎದ್ದಾಗ ಭುಜದ ಮೇಲಿದ್ದ ಭಾರ ಬೆಂಚಿನ ಮೇಲೆ ಉರುಳಿತು.

ಡಾಕ್ಟರಿಗೂ ಮನೆಯವರಿಗೂ ಅವರು, "ಇದ್ದಕ್ಕಿದ್ದ ಹಾಗೆ ಆಯ್ತು," ಎಂದಿದ್ದರು.

*

ಮೂವರೂ ಕೈಕಾಲು ತೊಳೆದು ಅಂಗಿ ಬದಲಿಸಿ ಬಂದಾಗ ಮನೆಯ ಮುಂದೆ ಜನ ಸೇರಿದ್ದರು. ಟೀಮಿನ ಹುಡುಗರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದ ಮನೆಯ ಕಾಂಪೌಂಡಿಗೆ ಅಂಟಿಕೊಂಡು ನಿಂತಿದ್ದರು. ಹಳಬರನ್ನು ಕಂಡದ್ದೇ ತಲೆ ತಗ್ಗಿಸಿ, ತಪ್ಪು ಮಾಡಿದವರ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಉದ್ದನೆಯವನು ಇನ್ನಷ್ಟು ಕುಗ್ಗಿ ನಿಂತ. ಬಡಗಿ ಅವನ ಮುಂದೆ ಹಾಯುವಾಗ ತನ್ನ ಚಪ್ಪಲಿಯನ್ನೇ ನೋಡಿಕೊಂಡು ನಡೆದ.

ಮಗ ಹಿತ್ತಲಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ತಾಯಿ ಬಾಗಿಲಿಗೆ ಆನಿಕೊಂಡಿದ್ದಳು.

"ನೀವಾದ್ರೂ ಹೇಳಿ. ನನ್ನ ಮಾತು ಕೇಳ್ತಿಲ್ಲ."

"ಏಳು ಮಗಾ," ಎಂದ ಕ್ಯಾಪ್ಟನ್. "ಹೊತ್ತಾಯ್ತು. ಪೆಟ್ಟಿಗೆ ಎತ್ಬೇಕು."

"ನೀವೆಲ್ಲ ಇದೀರಲ್ಲ ದೊಡ್ಡಪ್ಪ. ಗೆದ್ದೋರು. ನೀವೇ ಹೊತ್ಕೊಂಡು ಹೋಗಿ. ಅಪ್ಪಂಗೂ ಅದೇ ಸರಿ."

ಕ್ಯಾಪ್ಟನ್‌ನ ಬಾಯಿಗೆ ಬಂದದ್ದು ಬೇರೆಯೇ ಮಾತು. "ಹಾಗೆಲ್ಲ ಅಂದ್ಕೋಬೇಡಪ್ಪ. ಬಿಸಿಲು ಅವನ ಮುಖಕ್ಕೇ ಹೊಡೀತಿತ್ತು. ಅದಕ್ಕೆ ತಿರುಗಿ ಕೂತ, ಅಷ್ಟೇ."

ಹಾಲಿನವನು ಬಾವಿಯ ಕಡೆ ಮುಖ ಮಾಡಿದ.

"ಬಿಸಿಲಾ?" ಎಂದಳು ತಾಯಿ. "ಭಾನುವಾರ ಎಲ್ಲಿತ್ತು ಬಿಸಿಲು? ಬೆಳಿಗ್ಗೆ ಹರವಿದ ಬಟ್ಟೆ ಕತ್ತಲಾದ್ರೂ ಒಣಗಿರಲಿಲ್ಲ." ಅವಳ ದನಿ ಏರಲಿಲ್ಲ. "ಮಗು ಸಮಾಧಾನಕ್ಕೆ ಹೇಳ್ತಿದೀರಿ, ಗೊತ್ತು. ಸುಳ್ಳು ಹೇಳಿ ಎಬ್ಬಿಸ್ಬೇಡಿ ಅವನನ್ನ."

ಹುಡುಗರು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲವರೆಗೆ ಬಂದಿದ್ದರು. ಕ್ಯಾಪ್ಟನ್ ಅವರನ್ನು ನೋಡಿದ. ಆಚೆ ಕಳಿಸೋಣವೆಂದು ಕೈಯೆತ್ತಿದವನು ಕೈ ಇಳಿಸಿದ.

"ನಾನು ತಿರುಗಿಸಿದ್ದು," ಎಂದ. "ಅವನು ಬೇಡ ಅಂದ. ಮಗ ಈ ಕಡೆನೇ ನೋಡ್ತಿರ್ತಾನೆ ಅಂದ. ನಾನು ಅವನನ್ನ ಎಲ್ಲರ ಮುಂದೆ ಆಡ್ಕೊಂಡೆ. ಭುಜ ಹಿಡಿದು ತಿರುಗಿಸ್ದೆ. ನಿನ್ನ ಮುಖ ನೋಡಬಾರ್ದು ಅಂತ ಯಾವತ್ತೂ ತಿರುಗಿದವನಲ್ಲ ಅವನು. ಅಷ್ಟು ದಿನ ಸೈಕಲ್ ಹತ್ರ ನಿಂತ್ಕೊಂಡು ನೋಡ್ತಿದ್ದ."

ಮಗ ನೆಲ ನೋಡುತ್ತಿದ್ದ. "ನಾನು ನೋಡ್ತಾನೇ ಇದ್ದೆ," ಎಂದ. "ವಾಲಿದ್ದೂ ಕಂಡ್ತು. ನಿದ್ದೆ ಬಂತೇನೋ ಅಂದ್ಕೊಂಡೆ. ನನ್ನ ಆಟಕ್ಕೆ ನಿದ್ದೆ ಬರದೆ ಇನ್ನೇನು, ಅಂತ." ತಲೆಯೆತ್ತಿದ. "ನಾನು ದೂರದಲ್ಲಿದ್ದೆ. ನೀವು ಪಕ್ಕದಲ್ಲೇ ಇದ್ರಲ್ಲ ದೊಡ್ಡಪ್ಪ."

ಹಾಲಿನವನ ಬಲಗೈ ತಾನಾಗಿ ಎಡಭುಜಕ್ಕೆ ಹೋಯಿತು.

"ತಪ್ಪಾಯ್ತು ಕಣಪ್ಪ," ಎಂದ ಕ್ಯಾಪ್ಟನ್. "ನನ್ನನ್ನ..."

"ಅದು ಈಗ ಬೇಡ," ಎಂದು ಮಗ ಎದ್ದ. ತೊಟ್ಟಿಯ ನೀರಿನಲ್ಲಿ ಮುಖ ತೊಳೆದು, ತಾಯಿ ಕೊಟ್ಟ ಟವೆಲಿನಲ್ಲಿ ಒರೆಸಿಕೊಂಡು, ಒಳಗೆ ಹೋದ.

ಪೆಟ್ಟಿಗೆಯ ಮುಂದಿನ ಬಲಕ್ಕೆ ಮಗ ಹೆಗಲು ಕೊಟ್ಟ, ಎಡಕ್ಕೆ ಉದ್ದನೆಯವನು. ಹಿಂದೆ ಉಳಿದ ಹುಡುಗರು. ಕ್ಯಾಪ್ಟನ್ ಹತ್ತಿರ ಬಂದು ನಿಂತ. ಮಗನ ಹಿಂದಿದ್ದ ಹುಡುಗ, ಯಾರೂ ಹೇಳದೆಯೇ, ದೊಡ್ಡವರೆಂಬ ಮರ್ಯಾದೆಗೆ ಜಾಗ ಬಿಟ್ಟು ಸರಿದ. ಮಗ ತಿರುಗಿ ನೋಡಲಿಲ್ಲ. ಕ್ಯಾಪ್ಟನ್ ಹಲಗೆಯ ಕೆಳಗೆ ತಲೆ ಬಾಗಿಸಿ ಹೋಗಿ ಹೆಗಲು ಒಡ್ಡಿದ.

ಎಲ್ಲರೂ ಒಟ್ಟಿಗೆ ಎತ್ತಿದರು. ಹುಡುಗರೆಲ್ಲ ಅವನಿಗಿಂತ ಎತ್ತರ. ಪೆಟ್ಟಿಗೆ ಅವರ ಹೆಗಲ ಮೇಲೆ ಕೂತಿತು, ಅವನ ಹೆಗಲಿಗೆ ಇಳಿಯಲಿಲ್ಲ. ಕ್ಯಾಪ್ಟನ್ ತುದಿಗಾಲಿನಲ್ಲಿ ಎರಡು ಹೆಜ್ಜೆ ಇಟ್ಟ. ಜಲ್ಲಿಯ ರಸ್ತೆಯಲ್ಲಿ ಕಾಲು ನಿಲ್ಲಲಿಲ್ಲ. ಆಮೇಲೆ ಪಾದ ಊರಿ, ಅಂಗೈ ಮೇಲೆತ್ತಿ ಹಲಗೆಗೆ ತಾಗಿಸಿಕೊಂಡು, ಅವರ ನಡಿಗೆಗೆ ತನ್ನ ನಡಿಗೆ ಕೂಡಿಸಿ ನಡೆದ. ಹಿಂದೆ ಬರುತ್ತಿದ್ದ ಹಾಲಿನವನಿಗೆ, ದಾರಿಯುದ್ದಕ್ಕೂ, ಆ ಹೆಗಲಿಗೂ ಹಲಗೆಗೂ ನಡುವೆ ಬೆಳಕಿನ ಒಂದು ಸಂದು ಕಾಣುತ್ತಲೇ ಇತ್ತು.